ಹಳೇ 1035 ಟ್ರ್ಯಾಕ್ಟರ್‌ಗೆ ಡಬಲ್ ಕ್ಲಚ್ ಉಳಿಸಿಕೊಳ್ಳಬೇಕಾ, ಸಿಂಗಲ್ ಮಾಡಿಸಬೇಕಾ?

ಗದ್ದೆಬದು:
ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ಹತ್ತಿರ. ಕೆಳಗಿನ ಜಮೀನಿಗೆ ಭದ್ರಾ ಕಾಲುವೆ ನೀರು ಬರುತ್ತದೆ, ಅಲ್ಲಿ ಭತ್ತ. ಮೇಲಿನ ಖುಷ್ಕಿಯಲ್ಲಿ ಮೆಕ್ಕೆಜೋಳ. ಅಪ್ಪ ಕೊಂಡಿದ್ದ ಮ್ಯಾಸಿ ಫರ್ಗೂಸನ್ 1035 ಟ್ರ್ಯಾಕ್ಟರ್ ಇನ್ನೂ ಮನೆಯಲ್ಲಿದೆ, ಇಂಜಿನ್ ಕೆಲಸ ಮಾಡಿಸಿ ಮೂರು ವರ್ಷ ಆಯ್ತು, ಆ ಕಡೆಯಿಂದ ಏನೂ ತೊಂದರೆ ಇಲ್ಲ.

ತೊಂದರೆ ಇರುವುದು ಪಿಟಿಒದಲ್ಲಿ, ಅಂದರೆ ಹಿಂದೆ ಜೋಡಿಸಿದ ಯಂತ್ರವನ್ನು ತಿರುಗಿಸುವ ಶಾಫ್ಟಿನಲ್ಲಿ. ಗಾಡಿ ಡಬಲ್ ಕ್ಲಚ್‌ನದು, ಚಕ್ರಕ್ಕೆ ಒಂದು, ಪಿಟಿಒಗೆ ಒಂದು. ಮೆಕ್ಕೆಜೋಳದ ಥ್ರೆಷರ್ ಹಾಕಿದ್ದೆವು. ತೆನೆ ಸ್ವಲ್ಪ ಜಾಸ್ತಿ ಬಿದ್ದರೆ ಸಾಕು, ಡ್ರಮ್ ನಿಧಾನ ಆಗುತ್ತದೆ. ಆದರೆ ಇಂಜಿನ್ ಸದ್ದು ಇಳಿಯುವುದಿಲ್ಲ, ಹಾಗೇ ಇರುತ್ತದೆ. ಹತ್ತು ನಿಮಿಷ ಆದಮೇಲೆ ಸುಟ್ಟ ವಾಸನೆ. ಅದೇ ಗಾಡಿಗೆ ಟ್ರೈಲರ್ ಹಾಕಿ ಎರಡು ಲೋಡ್ ಕಬ್ಬು ಎಳೆದರೂ ಏನೂ ಆಗುವುದಿಲ್ಲ.

ಮೆಕ್ಯಾನಿಕ್ ಒಬ್ಬರು ನೋಡಿ "ಡಬಲ್ ಕ್ಲಚ್ ಕಿಟ್ ದುಬಾರಿ, ಸುಮ್ನೆ ಸಿಂಗಲ್ ಮಾಡಿಬಿಡೋಣ, ಈ ಹಳೇ ಗಾಡಿಗೆ ಡಬಲ್ ಯಾಕೆ" ಅಂದರು. ಬರುವ ಹಂಗಾಮಿಗೆ ರೋಟಾವೇಟರ್ (ಬ್ಲೇಡ್ ತಿರುಗಿಸಿ ಮಣ್ಣು ಹದ ಮಾಡುವ ಯಂತ್ರ) ಕೊಳ್ಳುವ ಯೋಚನೆಯೂ ಇದೆ. ಏನು ಮಾಡಲಿ?

ಲೆಕ್ಕಿಗ:
ಸಿಂಗಲ್ ಮಾಡಿಸಿ ಸ್ವಾಮಿ. ಥ್ರೆಷರ್‌ಗೆ ಗಾಡಿ ನಿಂತೇ ಇರುತ್ತದೆ. ನಿಂತ ಗಾಡಿಗೆ ಎರಡು ಕ್ಲಚ್ ಯಾಕೆ?

ರಾಗಿಕಣ:
ಲೆಕ್ಕಿಗರ ಮಾತು ಥ್ರೆಷರ್ ಮಟ್ಟಿಗೆ ಸರಿ. ನಮ್ಮಲ್ಲಿ ಒಂದೇ ಕ್ಲಚ್ ಇರುವ ಹಳೇ ಗಾಡಿಯಲ್ಲೇ ಇಪ್ಪತ್ತು ವರ್ಷ ರಾಗಿ ಒಕ್ಕಣೆ ಮಾಡಿದ್ದೇವೆ. ಗೇರ್ ನ್ಯೂಟ್ರಲ್, ಪಿಟಿಒ ಲಿವರ್ ಹಾಕಿ ಕ್ಲಚ್ ಬಿಟ್ಟರೆ ಮುಗೀತು. ನೀರೆತ್ತುವ ಪಂಪ್, ಜನರೇಟರ್, ಮೇವು ಕತ್ತರಿಸುವ ಯಂತ್ರ, ಇವಕ್ಕೆಲ್ಲ ಅಷ್ಟೇ ಸಾಕು.

ಆದರೆ ರೋಟಾವೇಟರ್ ಅಂದಿರಲ್ಲ, ಅಲ್ಲೇ ಇರುವುದು ಕಥೆ.

ಸ್ಪ್ಯಾನರ್‌ಸೆಟ್:
ಸಿಂಗಲ್, ಡಬಲ್ ಜಗಳ ಆಮೇಲೆ ಮಾಡೋಣ. ಮೊದಲು ಕಾಯಿಲೆ ಏನು ಅಂತ ನೋಡಬೇಕು ಅಲ್ವಾ? ನಾನು ಮಂಡ್ಯದಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದವನು, ಈಗ ಕಣ್ಣು ಮಂಜು, ಬರೀ ಬಾಯಿ ಕೆಲಸ.

ಗದ್ದೆಬದು ಅವರೇ, ನೀವು ಹೇಳಿದ ಲಕ್ಷಣದಲ್ಲೇ ಅರ್ಧ ಉತ್ತರ ಇದೆ. ಟ್ರೈಲರ್ ಎಳೆಯುತ್ತದೆ, ಥ್ರೆಷರ್ ಎಳೆಯುವುದಿಲ್ಲ. ಡಬಲ್ ಕ್ಲಚ್ ಒಳಗೆ ಎರಡು ಪ್ಲೇಟ್ ಇರುತ್ತವೆ. ಒಂದು ಚಕ್ರಕ್ಕೆ, ಇನ್ನೊಂದು ಪಿಟಿಒಗೆ. ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟ್ ಕೂಡ ಎರಡು, ಒಂದರೊಳಗೆ ಒಂದು. ಒಳಗಿನ ಗಟ್ಟಿ ಶಾಫ್ಟ್ ಚಕ್ರದ ಕಡೆ ಹೋಗುತ್ತದೆ, ಅದರ ಮೇಲೆ ತೂರಿಸಿದ ಟೊಳ್ಳು ಶಾಫ್ಟ್ ಪಿಟಿಒ ಕಡೆ. ಪೆಡಲ್ ಅರ್ಧ ತುಳಿದರೆ ಚಕ್ರದ ಪ್ಲೇಟ್ ಮಾತ್ರ ಬಿಡುತ್ತದೆ. ಪೂರ್ತಿ ತುಳಿದರೆ ಎರಡನೆಯದೂ ಬಿಡುತ್ತದೆ.

ಪೆಡಲ್‌ನಲ್ಲಿ ಸಡಿಲು ಇಲ್ಲದೆ ಫಿಂಗರ್ (ಪ್ಲೇಟ್ ಬಿಡಿಸುವ ಸಣ್ಣ ಲಿವರ್) ಒತ್ತಿಕೊಂಡಿದ್ದರೆ ಮೊದಲು ಜಾರಬೇಕಾದ್ದು ಚಕ್ರದ ಪ್ಲೇಟ್. ನಿಮ್ಮದರಲ್ಲಿ ಅದು ಗಟ್ಟಿಯಾಗಿದೆ. ಹಾಗಾದರೆ ಪೆಡಲ್ ಸೆಟಿಂಗ್ ಕಾರಣ ಅಲ್ಲ. ಪಿಟಿಒ ಪ್ಲೇಟ್ ಸವೆದಿರಬೇಕು, ಇಲ್ಲ ಅದಕ್ಕೆ ಎಣ್ಣೆ ಬಿದ್ದಿರಬೇಕು.

ಒಂದು ಕೆಲಸ ಮಾಡಿ. ಗಾಡಿ ಕೆಳಗೆ ಮಲಗಿ. ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಬೆಲ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದರಲ್ಲಿ ಕಾಟರ್ ಪಿನ್ ನೇತಾಡುತ್ತಿರಬೇಕು. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿದೆಯಾ? ಕಪ್ಪಗಿದೆಯಾ, ಜೇನಿನ ಬಣ್ಣವಾ? ನೋಡಿ ಬಂದು ಹೇಳಿ.

ಮಂಜಿನೂರು:
ನಾನು ಹುಟ್ಟಿದ್ದು ಚನ್ನರಾಯಪಟ್ಟಣದ ಕಡೆ, ಇರುವುದು ಕೆನಡಾದ ಒಂಟಾರಿಯೋದಲ್ಲಿ. ಮೂರು ಎಕರೆ ಹುಲ್ಲಿಗೆ ಒಂದು ಫೋರ್ಡ್ 8ಎನ್ ಇಟ್ಟುಕೊಂಡಿದ್ದೇನೆ, 1950ರದ್ದು, ನನಗಿಂತ ಹಿರಿಯ. ಒಂದೇ ಕ್ಲಚ್. ಅದರ ಜತೆ ಬಾಳುವೆ ಮಾಡಿದ ಅನುಭವ ಹೇಳುತ್ತೇನೆ.

ಹಿಂದೆ ಸ್ಲ್ಯಾಶರ್ ಹಾಕಿದ್ದೆ, ಹುಲ್ಲು ಕತ್ತರಿಸುವ ತಟ್ಟೆಯಂಥದ್ದು, ಬ್ಲೇಡ್ ಭಾರ ಜಾಸ್ತಿ. ಬೇಲಿ ಹತ್ತಿರ ಬಂತು, ಕ್ಲಚ್ ತುಳಿದೆ. ಗಾಡಿ ನಿಲ್ಲಲೇ ಇಲ್ಲ! ಇಂಜಿನ್ ಬಿಟ್ಟುಕೊಂಡಿದೆ, ಆದರೂ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಹೋಗಿ ಬೇಲಿಗೆ ಮುತ್ತು ಕೊಟ್ಟಿತು. ಆಮೇಲೆ ಗೊತ್ತಾಯ್ತು. ಒಂದೇ ಕ್ಲಚ್ ಇದ್ದಾಗ ಪಿಟಿಒಗೂ ಚಕ್ರಕ್ಕೂ ಗೇರ್‌ಬಾಕ್ಸ್ ಮೂಲಕ ನೇರ ಸಂಬಂಧ. ಜೋರಾಗಿ ಸುತ್ತುತ್ತಿರುವ ಬ್ಲೇಡ್ ತನ್ನ ವೇಗದಲ್ಲೇ ಶಾಫ್ಟ್ ತಿರುಗಿಸಿ, ಗೇರ್‌ಬಾಕ್ಸ್ ತಿರುಗಿಸಿ, ಚಕ್ರವನ್ನೂ ನೂಕುತ್ತದೆ. ಗೇರ್ ತೆಗೆಯೋಣ ಅಂದರೆ ಆ ಒತ್ತಡದಲ್ಲಿ ಲಿವರ್ ಬರುವುದಿಲ್ಲ.

ಇದಕ್ಕೆ ಇಲ್ಲಿ ಎಲ್ಲರೂ ಮಾಡುವ ಉಪಾಯ ಓವರ್‌ರನ್ನಿಂಗ್ ಕಪ್ಲರ್. ಸೈಕಲ್ ಫ್ರೀವೀಲ್ ಇದ್ದ ಹಾಗೆ. ಇಂಜಿನ್ ಬ್ಲೇಡನ್ನು ತಿರುಗಿಸಬಹುದು, ಬ್ಲೇಡ್ ಇಂಜಿನ್ ಕಡೆಗೆ ತಿರುಗಿಸಲು ಆಗುವುದಿಲ್ಲ. ಪಿಟಿಒ ತುದಿಗೆ ತೂರಿಸಿ ಪಿನ್ ಹಾಕಿದರೆ ಆಯ್ತು. ಒಂದೇ ಎಚ್ಚರ: ಅದು ನಾಲ್ಕು ಇಂಚಿನಷ್ಟು ಉದ್ದ ಸೇರಿಸುತ್ತದೆ. ಪಿಟಿಒದಿಂದ ಯಂತ್ರಕ್ಕೆ ಹೋಗುವ ಕಾರ್ಡನ್ ಶಾಫ್ಟನ್ನು ಅಷ್ಟು ಕತ್ತರಿಸದಿದ್ದರೆ ಲಿಫ್ಟ್ ಎತ್ತಿದಾಗ ಶಾಫ್ಟ್ ತಳಕ್ಕೆ ತಾಗಿ ಬೇರಿಂಗ್ ಹೋಗುತ್ತದೆ.

ಅಡಿಕೆಗೊನೆ:
ಮಂಜಿನೂರು ಅವರೇ, ಇದನ್ನು ಓದಿ ಮೈ ಜುಮ್ ಅಂದಿತು. ನಮ್ಮ ಶಿರಸಿ ಕಡೆ ತೋಟದಲ್ಲಿ ಕಳೆ ಹೊಡೆಯಲು ಈಗ ಸ್ಲ್ಯಾಶರ್ ಬರುತ್ತಿದೆ. ಪಕ್ಕದಲ್ಲೇ ಅಡಿಕೆ ಮರ, ಕಾಲುವೆ, ಇಳಿಜಾರು. ಹಾಗಾದರೆ ಈ ಕಪ್ಲರ್ ಹಾಕಿದರೆ ಸಿಂಗಲ್ ಗಾಡಿಯೂ ಡಬಲ್ ಆದ ಹಾಗೇ ಅಲ್ವಾ?

ಮಂಜಿನೂರು:
ಇಲ್ಲ ಇಲ್ಲ. ಅದು ನೂಕುವುದನ್ನು ಮಾತ್ರ ನಿಲ್ಲಿಸುತ್ತದೆ. ಕ್ಲಚ್ ತುಳಿದರೆ ಪಿಟಿಒಗೆ ಶಕ್ತಿ ನಿಲ್ಲುವುದು ನಿಂತೇ ನಿಲ್ಲುತ್ತದೆ. ದಪ್ಪ ಹುಲ್ಲಿಗೆ ಸಿಕ್ಕಿದಾಗ ಗಾಡಿ ನಿಲ್ಲಿಸಿ, ಬ್ಲೇಡ್ ಮಾತ್ರ ತಿರುಗುತ್ತಾ ಹುಲ್ಲು ತಿಂದು ಮುಗಿಸಲಿ ಅಂತ ಕಾಯುವುದು ನನ್ನ ಗಾಡಿಯಲ್ಲಿ ಸಾಧ್ಯವೇ ಇಲ್ಲ. ಅದಕ್ಕೆ ಲೈವ್ ಪಿಟಿಒನೇ ಬೇಕು, ಅಂದರೆ ಗಾಡಿ ನಿಂತರೂ ತಿರುಗುತ್ತಲೇ ಇರುವ ಪಿಟಿಒ.

ನಮ್ಮೂರಿನಿಂದ ಸ್ವಲ್ಪ ದೂರದ ಬ್ರಾಂಟ್‌ಫರ್ಡ್‌ನಲ್ಲಿ ಕಾಕ್‌ಶಟ್ ಅಂತ ಕಂಪನಿ ಇತ್ತು. 1946ರಲ್ಲಿ ಅವರು ತಂದ ಕಾಕ್‌ಶಟ್ 30ರಲ್ಲಿ ಪಿಟಿಒಗೆ ಚಕ್ರದ ಕ್ಲಚ್‌ನ ಹಂಗೇ ಇಲ್ಲ, ಬೇರೆಯದೇ ಕ್ಲಚ್, ಕೈ ಲಿವರ್. ಜಾತ್ರೆಯಂಥ ಕೃಷಿ ಮೇಳದಲ್ಲಿ ಒಂದನ್ನು ಓಡಿಸಿ ನೋಡಿದೆ. ಆಮೇಲೆ ಒಂದು ವಾರ ನನ್ನ 8ಎನ್ ಮೇಲೆ ಕೂರಲು ಮನಸ್ಸೇ ಬರಲಿಲ್ಲ.

ರಾಗಿಕಣ:
ಹಾಗಾದರೆ ಫರ್ಗೂಸನ್ ಗಾಡಿಗೆ ಡಬಲ್ ಕ್ಲಚ್ ಬಂದಿದ್ದು ಯಾವಾಗ? ನಮ್ಮ ತಾತ "ಬೂದು ಬಣ್ಣದ ಸಣ್ಣ ಫರ್ಗೂಸನ್" ಅಂತ ಹೇಳುತ್ತಿದ್ದರು.

ಮಂಜಿನೂರು:
ಆ ಬೂದು ಗಾಡಿ ಟಿಇ20. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ 5 ಲಕ್ಷಕ್ಕೂ ಜಾಸ್ತಿ ತಯಾರಾದವು. ಅದರಲ್ಲಿ ಒಂದೇ ಕ್ಲಚ್. ಇನ್ನೊಂದು ತಮಾಷೆ ಅಂದರೆ, ಹಿಂದಿನ ಯಂತ್ರ ಎತ್ತುವ ಲಿಫ್ಟಿಗೆ ಬಲ ಕೊಡುವ ಹೈಡ್ರಾಲಿಕ್ ಪಂಪ್ ತಿರುಗುವುದೂ ಪಿಟಿಒ ಶಾಫ್ಟ್‌ನಿಂದಲೇ. ಪಿಟಿಒ ಲಿವರ್ ಹಾಕದಿದ್ದರೆ ನೇಗಿಲು ಎದ್ದೇಳುವುದಿಲ್ಲ. ಹಾಕಿದ್ದರೂ ಕ್ಲಚ್ ತುಳಿದ ಕೂಡಲೇ ಲಿಫ್ಟ್ ಅಲ್ಲಿಗೇ ನಿಂತಿತು. 1956ರಲ್ಲಿ ಬಂದ ಫರ್ಗೂಸನ್ 35ರ ಡಿಲಕ್ಸ್ ಮಾದರಿಯಲ್ಲಿ ಡಬಲ್ ಕ್ಲಚ್ ಕೊಟ್ಟರು, ಸ್ಟ್ಯಾಂಡರ್ಡ್ ಮಾದರಿಯಲ್ಲಿ ಸಿಂಗಲ್ಲೇ ಉಳಿಯಿತು. ಮುಂದೆ ಅದೇ ಮ್ಯಾಸಿ ಫರ್ಗೂಸನ್ 35 ಆಯ್ತು. ಗದ್ದೆಬದು ಅವರ 1035 ಅದೇ ವಂಶದ್ದು, ಚೆನ್ನೈನ ಟಾಫೆ ಕಂಪನಿ ಕಟ್ಟಿದ್ದು.

ಫೋರ್ಡ್ ಕಡೆಯ ಕಥೆ ಇನ್ನೂ ಮಜವಾಗಿದೆ. ಹ್ಯಾರಿ ಫರ್ಗೂಸನ್, ಹೆನ್ರಿ ಫೋರ್ಡ್ ಮೊದಲು ಕೈ ಕುಲುಕಿ ಮಾಡಿಕೊಂಡ ಒಪ್ಪಂದ ಮುರಿಯಿತು, 8ಎನ್ ವಿಷಯದಲ್ಲಿ ಫರ್ಗೂಸನ್ ಫೋರ್ಡ್ ಕಂಪನಿ ಮೇಲೆ ಕೋರ್ಟಿಗೆ ಹೋದರು. 1952ರಲ್ಲಿ ಫೋರ್ಡ್ ಕಡೆಯವರು 92.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಫರ್ಗೂಸನ್ ಮಾದರಿಯ ಪಂಪ್ ಬಳಸುವಂತಿಲ್ಲ ಅಂತ ಆಯ್ತು. ಹಾಗಾಗಿ 1953ರ ಜುಬಿಲಿ ಗಾಡಿಯಲ್ಲಿ ಪಂಪನ್ನು ಇಂಜಿನ್ ಪಕ್ಕಕ್ಕೆ ತಂದು ಕೂರಿಸಿದರು. ಜಗಳದಿಂದ ರೈತನಿಗೆ ಲಾಭ ಆಯ್ತು, ಕ್ಲಚ್ ತುಳಿದರೂ ಲಿಫ್ಟ್ ಏಳತೊಡಗಿತು.

ಲೆಕ್ಕಿಗ:
ಇತಿಹಾಸ ಚೆನ್ನಾಗಿದೆ. ಆದರೆ ಅವರು ಕೇಳಿದ್ದು ದುಡ್ಡಿನ ಪ್ರಶ್ನೆ.

ಸ್ಪ್ಯಾನರ್‌ಸೆಟ್:
ಲೆಕ್ಕಿಗರೇ, ಈಗ ಹೇಳಿದ್ದರಲ್ಲೇ ನಿಮ್ಮ ದುಡ್ಡಿನ ಉತ್ತರ ಇದೆ. 35ರ ವಂಶದ ಗಾಡಿಯಲ್ಲಿ ಪಂಪ್ ಇವತ್ತಿಗೂ ಆ ಪಿಟಿಒ ದಾರಿಯಿಂದಲೇ ತಿರುಗುವುದು. ಸಿಂಗಲ್ ಮಾಡಿದರೆ ಪಿಟಿಒ ಜತೆ ಲಿಫ್ಟ್ ಕೂಡ ಕ್ಲಚ್‌ಗೆ ಕಟ್ಟಿಬೀಳುತ್ತದೆ. ಭತ್ತದ ಗದ್ದೆಯಲ್ಲಿ ಬದು ಬಂದಾಗ ಏನು ಮಾಡುತ್ತಾರೆ? ಅರ್ಧ ಕ್ಲಚ್ ತುಳಿದು ಗಾಡಿ ನಿಲ್ಲಿಸಿ, ರೋಟಾವೇಟರ್ ಎತ್ತಿ, ತಿರುಗಿಸುತ್ತಾರೆ. ಸಿಂಗಲ್‌ನಲ್ಲಿ ಕ್ಲಚ್ ತುಳಿದರೆ ಎತ್ತಲು ಆಗುವುದಿಲ್ಲ, ಎತ್ತಬೇಕೆಂದರೆ ಗಾಡಿ ಮುಂದೆ ಹೋಗುತ್ತಿರಬೇಕು. ಬದು ಒಡೆಯುತ್ತದೆ, ಪಕ್ಕದ ಗದ್ದೆಯವನ ಹತ್ತಿರ ಬೈಸಿಕೊಳ್ಳುವುದು ಬೇರೆ.

ಕೆಸರಲ್ಲಿ ಹುಲ್ಲು, ಕೂಳೆ ರೋಟರಿಗೆ ಸುತ್ತಿಕೊಂಡಾಗಲೂ ಅಷ್ಟೇ. ಡಬಲ್‌ನಲ್ಲಿ ಗಾಡಿ ನಿಲ್ಲಿಸಿ ಬ್ಲೇಡ್ ತಿರುಗಲು ಬಿಟ್ಟರೆ ತಾನೇ ಬಿಡಿಸಿಕೊಳ್ಳುತ್ತದೆ. ಸಿಂಗಲ್‌ನಲ್ಲಿ ಗಾಡಿ ನಿಂತರೆ ಬ್ಲೇಡೂ ನಿಂತಿತು. ಮತ್ತೆ ಕ್ಲಚ್ ಬಿಡುವಾಗ ಹೂತುಹೋದ ರೋಟರ್, ಗಾಡಿ ಎರಡನ್ನೂ ಒಟ್ಟಿಗೆ ಎಳೆಯಬೇಕು. ಒಂದೇ ಪ್ಲೇಟ್ ಎಷ್ಟು ಅಂತ ತಡೆಯುತ್ತದೆ?

ಇನ್ನು ಖರ್ಚು. ಕ್ಲಚ್ ಕೆಲಸಕ್ಕೆ ಗಾಡಿಯನ್ನು ಬೆಲ್ ಹೌಸಿಂಗ್ ಹತ್ತಿರ ಎರಡು ಭಾಗ ಮಾಡಲೇಬೇಕು. ಸಿಂಗಲ್ ಆದರೂ ಅದೇ ಕೂಲಿ, ಡಬಲ್ ಆದರೂ ಅದೇ ಕೂಲಿ. ಉಳಿಯುವುದು ಸಾಮಾನಿನ ವ್ಯತ್ಯಾಸ ಮಾತ್ರ. ಅದರಲ್ಲೂ ನಿಮ್ಮ ಗೇರ್‌ಬಾಕ್ಸ್ ಎರಡು ಶಾಫ್ಟಿನದು. ಬರೀ ಕ್ಲಚ್ ಬದಲಿಸಿ ಸಿಂಗಲ್ ಅಂದರೆ ಆಗುವ ಮಾತಲ್ಲ, ಮುಂದಿನ ಶಾಫ್ಟ್‌ಗಳ ಕೆಲಸವೂ ಬರುತ್ತದೆ. ಸಿಂಗಲ್ ಗಾಡಿಯನ್ನು ಡಬಲ್ ಮಾಡಿಸಬೇಕು ಅನ್ನುವವರಿಗೂ ಇದೇ ಮಾತು. ಅಂಥವರು ಆ ದುಡ್ಡಿಗೆ ಡಬಲ್ ಇರುವ ಹಳೇ ಗಾಡಿಯನ್ನೇ ಹುಡುಕುವುದು ಒಳ್ಳೆಯದು.

ಲೆಕ್ಕಿಗ:
ಸರಿ, ಕೂಲಿ ಎರಡಕ್ಕೂ ಒಂದೇ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಮಾತು ಹಿಂದಕ್ಕೆ.

ಗದ್ದೆಬದು:
ಸ್ಪ್ಯಾನರ್‌ಸೆಟ್ ಅವರೇ, ಇವತ್ತು ಕೆಳಗೆ ಮಲಗಿ ನೋಡಿದೆ. ನಾಚಿಕೆ ಆಗುತ್ತಿದೆ, ಆದರೂ ಹೇಳಿಬಿಡುತ್ತೇನೆ. ಆ ತೂತಿನಲ್ಲಿ ಕಾಟರ್ ಪಿನ್ ಇಲ್ಲ, ಮರದ ಬೆಣೆ ಇತ್ತು! ಹೋದ ವರ್ಷ ಕೆಸರುಗದ್ದೆಗೆ ಇಳಿಸುವಾಗ ನೀರು ಒಳಗೆ ಹೋಗಬಾರದು ಅಂತ ನಾನೇ ಬಡಿದಿದ್ದು. ತೆಗೆಯುವುದು ಮರೆತೇ ಹೋಗಿದೆ. ಬೆಣೆ ಕಿತ್ತ ಕೂಡಲೇ ಅರ್ಧ ಲೋಟದಷ್ಟು ಎಣ್ಣೆ ನನ್ನ ಅಂಗಿ ಮೇಲೆ ಬಿತ್ತು. ಕಪ್ಪಗಿಲ್ಲ, ಕಂದು ಬಣ್ಣ, ದಪ್ಪ, ಮೂಗಿಗೆ ಹೊಡೆಯುವ ವಾಸನೆ.

ಸ್ಪ್ಯಾನರ್‌ಸೆಟ್:
ನಿಮ್ಮ ಅಂಗಿಯೇ ಉತ್ತರ ಹೇಳಿತು ನೋಡಿ. ಕಪ್ಪಗಿದ್ದರೆ ಇಂಜಿನ್ ಹಿಂದಿನ ಸೀಲ್. ನಿಮ್ಮದು ಗೇರ್ ಎಣ್ಣೆ, ಅಂದರೆ ಗೇರ್‌ಬಾಕ್ಸ್ ಮುಂದಿನ ಸೀಲ್ ಹೋಗಿದೆ. ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ನಿಂತು ಪ್ಲೇಟಿಗೆ ಎರಚಿದೆ. ಇಷ್ಟು ಹಳೇ ಗಾಡಿಯಲ್ಲಿ ಸೀಲ್ ಹೋಗುವುದು ದೊಡ್ಡ ವಿಷಯ ಅಲ್ಲ. ತೂತು ತೆರೆದಿದ್ದರೆ ತೊಟ್ಟಿಕ್ಕುವುದು ಕಂಡು ಆಗಲೇ ಗೊತ್ತಾಗುತ್ತಿತ್ತು. ಈ ಬೆಣೆ ಕಥೆಯನ್ನು ನಾನು ಭತ್ತದ ಸೀಮೆಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಗದ್ದೆಗೆ ಇಳಿಯುವ ಮುಂಚೆ ಹಾಕಿ, ಗದ್ದೆಯಿಂದ ಹತ್ತಿದ ಕೂಡಲೇ ತೆಗೆಯಬೇಕು.

ಡಿಪ್‌ಸ್ಟಿಕ್ ಕೂಡ ನೋಡಿ. ಈ ಗಾಡಿಗಳಲ್ಲಿ ಗೇರ್‌ಬಾಕ್ಸ್, ಹೈಡ್ರಾಲಿಕ್, ಹಿಂದಿನ ಆಕ್ಸಲ್ ಎಲ್ಲಕ್ಕೂ ಒಂದೇ ಎಣ್ಣೆ. ಅದು ಇಳಿದರೆ ಲಿಫ್ಟಿಗೂ ಪೆಟ್ಟು.

ಈಗ ಮಾಡಬೇಕಾದ್ದು: ಗಾಡಿ ಬಿಚ್ಚಿಸಿ, ಎರಡೂ ಪ್ಲೇಟ್ ಹಾಕಿಸಿ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುತ್ತೇನೆ ಅನ್ನುವವರ ಮಾತು ಕೇಳಬೇಡಿ, ಬಿಸಿ ಆದ ಕೂಡಲೇ ಒಳಗಿನ ಎಣ್ಣೆ ಮೇಲೆ ಬರುತ್ತದೆ. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಗೇರ್‌ಬಾಕ್ಸ್ ಕಡೆಯ ಸೀಲ್‌ಗಳು, ಕೈ ಹಾಕಿದ ಮೇಲೆ ಇಂಜಿನ್ ಹಿಂದಿನ ಸೀಲ್ ಕೂಡ. ಸಣ್ಣ ಸೀಲಿಗೆ ಜಿಪುಣತನ ಮಾಡಿ ಆರು ತಿಂಗಳಿಗೆ ಮತ್ತೆ ಗಾಡಿ ಬಿಚ್ಚಿದವರು ನನಗೆ ಗೊತ್ತು, ಅದರಲ್ಲಿ ಒಬ್ಬ ನಾನೇ. ಕಟ್ಟುವ ಮುಂಚೆ ಫಿಂಗರ್‌ಗಳ ಎತ್ತರ ಗೇಜ್ ಇಟ್ಟು ಸಮ ಮಾಡಿಸಿ. ಕಣ್ಣಂದಾಜಿನಲ್ಲಿ ಮಾಡಿದರೆ ಅರ್ಧ ತುಳಿತ, ಪೂರ್ತಿ ತುಳಿತದ ಗಡಿ ಸರಿಯಾಗಿ ಸಿಗುವುದಿಲ್ಲ.

ಅಡಿಕೆಗೊನೆ:
ಮಳೆಗಾಲ ಪೂರ್ತಿ ನಿಲ್ಲಿಸಿದ ಗಾಡಿಯಲ್ಲಿ ಕ್ಲಚ್ ಅಂಟಿಕೊಳ್ಳುವುದಕ್ಕೆ ಏನಾದರೂ ಉಪಾಯ ಇದೆಯಾ? ಪ್ರತಿ ವರ್ಷ ನಮ್ಮದು ಅದೇ ಗೋಳು. ಪೆಡಲ್ ತುಳಿದರೂ ಗೇರ್ ಕರ್ ಅನ್ನುತ್ತದೆ.

ಸ್ಪ್ಯಾನರ್‌ಸೆಟ್:
ನಿಮ್ಮ ಕಡೆಯ ತೇವಕ್ಕೆ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲ್‌ಗೆ ಕಚ್ಚುತ್ತದೆ. ನಿಲ್ಲಿಸುವಾಗಲೇ ಪೆಡಲ್ ಪೂರ್ತಿ ಒತ್ತಿ ಒಂದು ಮರದ ತುಂಡು ಕೊಟ್ಟು ಇಡಿ. ಪ್ಲೇಟ್ ಬಿಡಿಯಾಗಿ ಇರುತ್ತದೆ. ಈಗಾಗಲೇ ಕಚ್ಚಿದ್ದರೆ ಇಂಜಿನ್ ಚೆನ್ನಾಗಿ ಬಿಸಿ ಮಾಡಿ, ಆಫ್ ಮಾಡಿ, ಬಯಲಿನಲ್ಲಿ ಗೇರ್ ಹಾಕಿ ಸ್ಟಾರ್ಟ್ ಮಾಡಿ, ಕ್ಲಚ್ ತುಳಿದುಕೊಂಡೇ ಬ್ರೇಕ್ ಒತ್ತಿ ಒತ್ತಿ ಬಿಡಿ. ಮುಂದೆ ಯಾರೂ ಇರಬಾರದು, ಕೋಳಿ ಕೂಡ.

ಮೆಕ್ಕೆತೆನೆ:
ತಡವಾಗಿ ಬಂದೆ. ನಮ್ಮ ಮನೆಯ ಒಂದು ತಮಾಷೆ ಹೇಳಿಬಿಡುತ್ತೇನೆ. ಹಳೇ 35, ಕಣದಲ್ಲಿ ಥ್ರೆಷರ್ ಜೋಡಿಸಿ ಆಯ್ತು, ಕೂಲಿಯವರು ಬಂದು ನಿಂತಿದ್ದಾರೆ, ಪಿಟಿಒ ತಿರುಗುತ್ತಲೇ ಇಲ್ಲ. ಕ್ಲಚ್ ಹೋಯ್ತು ಅಂತ ಮೆಕ್ಯಾನಿಕ್ ಕರೆಸಿದೆವು, ಅರ್ಧ ದಿನ ಹಾಳು. ಕೊನೆಗೆ ನೋಡಿದರೆ ಯಾರೋ ಹುಡುಗ ಲಿವರನ್ನು ಗ್ರೌಂಡ್ ಸ್ಪೀಡ್ ಕಡೆ ತಳ್ಳಿದ್ದ. ಆ ಕಡೆ ಹಾಕಿದರೆ ಪಿಟಿಒ ಚಕ್ರದ ಜತೆ ಮಾತ್ರ ತಿರುಗುತ್ತದೆ, ರಿವರ್ಸ್ ಹೋದರೆ ಉಲ್ಟಾ ತಿರುಗುತ್ತದೆ. ಬಿತ್ತನೆ ಯಂತ್ರದಂಥವಕ್ಕೆ ಅಂತ ಕೊಟ್ಟಿದ್ದು. ನಿಂತ ಗಾಡಿಯಲ್ಲಿ ಅದು ಸತ್ತ ಹಾಗೇ.

ಇನ್ನೊಂದು, ಆಕ್ಸಿಲರೇಟರ್ ಪೂರ್ತಿ ಎಳೆದರೆ ಕೆಲಸ ಬೇಗ ಆಗುತ್ತದೆ ಅಂದುಕೊಳ್ಳಬೇಡಿ. ಆರು ಹಲ್ಲಿನ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತಿಗೆ ಮಾಡಿದ್ದು. ಮೀಟರ್‌ನಲ್ಲಿ ಇಂಜಿನ್ ಎಷ್ಟಿದ್ದಾಗ 540 ಬರುತ್ತದೆ ಅಂತ ಗುರುತು ಇರುತ್ತದೆ, ಅಲ್ಲಿಗೆ ನಿಲ್ಲಿಸಿ. ಜಾಸ್ತಿ ಓಡಿಸಿದರೆ ಕಾಳು ಒಡೆಯುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ.

ರಾಗಿಕಣ:
540 ಅಂದಿರಲ್ಲ, ಅದರ ಬಗ್ಗೆ ಒಂದು ಮಾತು. 540 ಅಂದರೆ ಸೆಕೆಂಡಿಗೆ 9 ಸುತ್ತು. ಕಾರ್ಡನ್ ಶಾಫ್ಟಿನ ಕೊಳವೆ 7 ಸೆಂಟಿಮೀಟರ್ ದಪ್ಪ ಅಂದುಕೊಂಡರೆ ಒಂದು ಸುತ್ತಿಗೆ 22 ಸೆಂಟಿಮೀಟರ್ ಬಟ್ಟೆ ಒಳಗೆ. ಸೆಕೆಂಡಿಗೆ 2 ಮೀಟರ್. ಹೆಗಲ ಮೇಲಿನ ಟವೆಲ್ ಸಿಕ್ಕಿತು ಅಂತ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಥ್ರೆಷರ್ ಅನಾಹುತಗಳಿಂದಲೇ ನಮ್ಮ ದೇಶದಲ್ಲಿ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಕಾಯ್ದೆ ಬಂದು ಏನು, ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವಚವನ್ನು ನಾವೇ ಮೊದಲ ವರ್ಷ ಕಿತ್ತು ಬಿಸಾಡುತ್ತೇವೆ, ಗ್ರೀಸ್ ಹೊಡೆಯಲು ಅಡ್ಡ ಅಂತ.

ಡಬಲ್ ಕ್ಲಚ್ ಇರುವವರಿಗೆ ವಿಶೇಷವಾಗಿ ಹೇಳುತ್ತೇನೆ. ಸಿಂಗಲ್ ಗಾಡಿ ಓಡಿಸಿ ರೂಢಿ ಇರುವವನು ಅರ್ಧ ತುಳಿದು ಗಾಡಿ ನಿಂತಿತು ಅಂದರೆ ಪಿಟಿಒ ಕೂಡ ನಿಂತಿತು ಅಂದುಕೊಂಡು ಇಳಿದುಬಿಡುತ್ತಾನೆ. ಅದು ತಿರುಗುತ್ತಲೇ ಇರುತ್ತದೆ. ಲಿವರ್ ತೆಗೆದು, ಇಂಜಿನ್ ಆಫ್ ಮಾಡಿಯೇ ಹಿಂದೆ ಹೋಗಬೇಕು.

ಸ್ಪ್ಯಾನರ್‌ಸೆಟ್:
ಸರಿಯಾಗಿ ಹೇಳಿದಿರಿ. ಪಿಟಿಒ ನಿಲ್ಲಿಸಲು ಪೆಡಲ್ ಪೂರ್ತಿ ತುಳಿದುಕೊಂಡೇ ಹರಟೆ ಹೊಡೆಯುತ್ತಾ ಕೂರುವವರೂ ಇದ್ದಾರೆ, ಆಗ ಸವೆಯುವುದು ರಿಲೀಸ್ ಬೇರಿಂಗ್. ತುಳಿಯಿರಿ, ಶಾಫ್ಟ್ ನಿಲ್ಲಲಿ, ಲಿವರ್ ತೆಗೆಯಿರಿ, ಕಾಲು ಬಿಡಿ.

ಗದ್ದೆಬದು:
ಹದಿನೈದು ದಿನ ಬಿಟ್ಟು ಬಂದೆ. ಬೇರೆ ಮೆಕ್ಯಾನಿಕ್ ಹಿಡಿದು ಗಾಡಿ ಬಿಚ್ಚಿಸಿದೆ. ಸ್ಪ್ಯಾನರ್‌ಸೆಟ್ ಅವರು ಮಂಡ್ಯದಲ್ಲಿ ಕೂತು ಹೇಳಿದ್ದೇ ನಿಜ. ಪಿಟಿಒ ಪ್ಲೇಟ್ ಎಣ್ಣೆಯಲ್ಲಿ ನೆನೆದು ಕಪ್ಪಾಗಿ ಹೊಳೆಯುತ್ತಿತ್ತು, ಚಕ್ರದ ಪ್ಲೇಟಿಗೆ ಅಂಚಿನಲ್ಲಿ ಸ್ವಲ್ಪ ತಾಗಿತ್ತು ಅಷ್ಟೇ. ಡಬಲ್ಲೇ ಉಳಿಸಿಕೊಂಡೆ. ಎರಡೂ ಪ್ಲೇಟ್, ಬೇರಿಂಗ್, ಸೀಲ್ ಎಲ್ಲ ಹೊಸದು. ಫಿಂಗರ್ ಗೇಜ್ ಇವರ ಹತ್ತಿರ ಇರಲಿಲ್ಲ, ಹರಿಹರದಿಂದ ಒಂದು ದಿನಕ್ಕೆ ಕೇಳಿ ತಂದರು, ಅದಕ್ಕೇ ಒಂದು ದಿನ ತಡ ಆಯ್ತು.

ನಿನ್ನೆ ಉಳಿದ ಮೆಕ್ಕೆಜೋಳ ಹಾಕಿದೆವು. ತೆನೆ ಜಾಸ್ತಿ ಬಿದ್ದರೆ ಈಗ ಇಂಜಿನ್ ಗೊರ್ ಅಂತ ದನಿ ಬದಲಿಸುತ್ತದೆ, ಡ್ರಮ್ ಬಿಡುವುದಿಲ್ಲ. ರೋಟಾವೇಟರ್ 5 ಅಡಿಯದು ನೋಡಿದ್ದೆ, ಈ ಗಾಡಿಗೆ ಭಾರ ಆಗುತ್ತದೆ ಅಂತ ಇಲ್ಲಿಯ ಮೆಕ್ಯಾನಿಕ್ ಹೇಳಿದರು, 4 ಅಡಿಯದು ಹುಡುಕುತ್ತಿದ್ದೇನೆ.

ಮೆಕ್ಕೆತೆನೆ:
4 ಅಡಿಯದೇ ಸರಿ. ಆ ಮರದ ಬೆಣೆ ಏನು ಮಾಡಿದಿರಿ?

ಗದ್ದೆಬದು:
ಅಪ್ಪ ಅದಕ್ಕೆ ತೂತು ಕೊರೆದು ಗಾಡಿ ಕೀಗೆ ಕಟ್ಟಿದ್ದಾರೆ. ಇನ್ನು ಮೇಲೆ ಕೀಯಲ್ಲಿ ಬೆಣೆ ಇಲ್ಲ ಅಂದರೆ ಅದು ಗಾಡಿ ಕೆಳಗೆ ಇದೆ ಅಂತ ಲೆಕ್ಕವಂತೆ.